ಹಿತ್ತಲಿನ ಗೌಜು

ಪ್ರೂಫ್ ರೀಡರ ಜೊತೆ ಅವರ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಜಗಳವೇನೂ ಇರಲಿಲ್ಲ, ಮಾತಾಡಿದರೆ ತಿದ್ದುತ್ತಾರೆಂಬ ಭಯ, ಅಷ್ಟೇ. ಒಮ್ಮೆ ಹೆಂಡತಿ ಬಟ್ಟೆ ಹಿಂಡುತ್ತಿದ್ದಲ್ಲಿಂದ, "ರೀ, ಹಾಲು ಉಕ್ತು!" ಎಂದು ಕೂಗಿದ್ದಳು. "ಉಕ್ತು ಅಲ್ಲ, ಉಕ್ಕಿತು" ಎಂದು ಇವರು ಕೂತಲ್ಲಿಂದಲೇ ಸರಿಪಡಿಸಿದ್ದರು. ವ್ಯಾಕರಣ ಉಳಿಯಿತು, ಹಾಲು ಉಳಿಯಲಿಲ್ಲ.

ಅಂದಿನಿಂದ ಹೆಂಡತಿ "ಹೂಂ", "ಊಹೂಂ"ಗಳಲ್ಲೇ ಸಂಸಾರ ತೂಗಿಸುತ್ತಿದ್ದಳು (ಅವುಗಳಲ್ಲಿ ತಪ್ಪು ಹುಡುಕುವುದು ಎಂಥ ಪಂಡಿತನಿಗೂ ಕಷ್ಟ). ಜೊತೆಗಿದ್ದ ಅತ್ತೆಗೆ, ಅಂದರೆ ಹೆಂಡತಿಯ ತಾಯಿಗೆ, ಕಿವಿ ಮಂದ, ಕಣ್ಣು ಮಂಜು. ಅವರೊಡನೆ ಮಾತಾಡಲು ಕಿರುಚಬೇಕಿತ್ತು. ಕಿರುಚಿ ಕಿರುಚಿ ಬೇಸತ್ತ ಅಳಿಯಂದಿರು ಆ ಪ್ರಯತ್ನವನ್ನೇ ಕೈಬಿಟ್ಟಿದ್ದರು.

ಹಗಲೆಲ್ಲ ಮುದ್ರಣಾಲಯದಲ್ಲಿ ಪರರ ತಪ್ಪು ಹೆಕ್ಕಿ, ಸಂಜೆ ಈ ಮೌನದ ಮನೆಗೆ ಬರುವುದು ಅವರಿಗೂ ಸಾಕಾಗಿಹೋಗಿತ್ತು. ಒಂದು ಜೀವವನ್ನು ತಂದು ಸಾಕೋಣ ಎನಿಸಿತು. ನಾಯಿ ಕಚ್ಚುತ್ತದೆ. ಬೆಕ್ಕು ಯಜಮಾನನನ್ನು ಲೆಕ್ಕಕ್ಕೇ ಇಡುವುದಿಲ್ಲ. ಗಿಳಿ ಮಾತಾಡುತ್ತದೆ, ಅದೂ ತಪ್ಪಾಗಿ. ಕೊನೆಗೆ ಒಂದು ಸಂಜೆ ತೂತು ಕೊರೆದ ರಟ್ಟಿನ ಡಬ್ಬಿಯಲ್ಲಿ ಗೌಜಲಕ್ಕಿ ಮರಿಗಳನ್ನು ಹೊತ್ತು ತಂದರು.

"ಹೆಸರಲ್ಲೇ ಗೌಜು ಇದೆಯಲ್ರೀ!" ಎಂದಳು ಹೆಂಡತಿ, ವ್ರತ ಮುರಿದು.

"ಪದದ ಮೂಲ ಬೇರೆ. ಇವು ಬಾಯಿಲ್ಲದ ಜೀವಗಳು. ಮಾರಿದವನೇ ಹೇಳಿದ."

ಒಳಗಿನಿಂದ ಅತ್ತೆ ಕೇಳಿದರು, "ಏನು ತಂದ್ರಂತೆ?"

"ಹಕ್ಕಿ ಅಮ್ಮ, ಹಕ್ಕಿ!"

"ಅಕ್ಕಿ ಡಬ್ಬಿ ತುಂಬ ಇದೆಯಲ್ಲೇ, ಮತ್ತ್ಯಾಕೆ ತಂದ್ರು?"

ಪ್ರೂಫ್ ರೀಡರು ಹಕಾರದ ಮಹತ್ವ ತಿಳಿಸಲು ಬಾಯಿ ತೆರೆದರು. ಕಿರುಚಬೇಕಲ್ಲ ಎಂದು ಮುಚ್ಚಿದರು.

ಹಳೆಯ ಚಪ್ಪಲಿ ಸ್ಟ್ಯಾಂಡಿಗೆ ತಂತಿಬಲೆ ಹೊಡೆದು, ಹಿತ್ತಲಲ್ಲಿ ಅತ್ತೆಯ ಕಿಟಕಿಯ ಕೆಳಗೆ ಗೂಡು ಮಾಡಿದ್ದಾಯಿತು. ಬೆಚ್ಚಿದರೆ ಸಾಕು, ಹಕ್ಕಿಗಳು ನೆಟ್ಟಗೆ ಮೇಲಕ್ಕೆ ನೆಗೆದು ತಲೆ ಬಡಿದುಕೊಳ್ಳುತ್ತಿದ್ದವು. ನೋಡಲಾರದೆ ಇವರು ತಮ್ಮ ತಲೆದಿಂಬನ್ನೇ ಬಿಚ್ಚಿ, ಗೂಡಿನ ಮೇಲ್ಭಾಗಕ್ಕೆ ಹತ್ತಿ ಹೊಲಿದರು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ತನಗೆ ತಲೆನೋವು ಬಂದಾಗ ಈ ಕೈಗಳು ಎಲ್ಲಿದ್ದವು ಎಂದು ಕೇಳಬೇಕೆನಿಸಿತು.

ಮರಿಗಳು ಬಲಿತವು. ಒಂದು ಬೆಳಿಗ್ಗೆ ಬಾಯಿಲ್ಲದ ಜೀವಗಳಿಗೆ ಬಾಯಿ ಬಂತು: "ಕ್ವಾ... ಕ್ವಾ... ಕ್ವರ್‍ರ್!" ಒಣಮರಕ್ಕೆ ಮೊಂಡು ಗರಗಸ ಹಾಕಿದ ಹಾಗೆ.

ಪಕ್ಕದ ಮನೆಯ ಡ್ರೈವರ್ ಕೆಂಗಣ್ಣು ಮಾಡಿಕೊಂಡು ಬಂದ. "ಸಾರ್, ನಾನು ರಾತ್ರಿಯೆಲ್ಲ ಬಸ್ ಓಡಿಸಿ ಹಗಲು ಮಲಗೋನು. ಕಣ್ಣು ಮುಚ್ಚಿದ್ರೆ ನಿಮ್ಮ ಹಕ್ಕಿ ಹಾರ್ನ್ ಹೊಡೀತದೆ. ನಿದ್ದೇಲಿ ಬ್ರೇಕ್ ತುಳಿದೂ ತುಳಿದೂ ಮಂಚದ ಕಾಲೇ ಅಲ್ಲಾಡ್ತಿದೆ."

ಪ್ರೂಫ್ ರೀಡರಿಗೆ ನಾಚಿಕೆಯಾಯಿತು. "ಕೂಗುವುದು ಗಂಡು. ಗಂಡುಗಳನ್ನು ಕಳಿಸಿದರಾಯಿತು" ಎಂದು ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಕೆಲವು ಹಕ್ಕಿಗಳ ಎದೆ ಕೆಮ್ಮಣ್ಣಿನ ಬಣ್ಣ, ಬರೀ ಸಾದಾ. ಕೆಲವಕ್ಕೆ ಎದೆತುಂಬ ಕಪ್ಪು ಚುಕ್ಕಿ. "ಹಕ್ಕಿಗಳಲ್ಲಿ ಅಲಂಕಾರ ಗಂಡಿಗೇ. ಚುಕ್ಕಿಯವೆಲ್ಲ ಗಂಡು."

"ಯಾವುದು ಕೂಗುತ್ತೆ ಅಂತ ನಿಂತು ನೋಡಿದ್ರೆ ಆಗಲ್ವಾ?" ಎಂದಳು ಹೆಂಡತಿ.

"ಆಗಲ್ವಾ ಅಲ್ಲ, ಆಗುವುದಿಲ್ಲವೇ."

ಅಲ್ಲಿಗೆ ಆ ಸಲಹೆ ಮುಗಿಯಿತು. ಚುಕ್ಕಿಯವನ್ನೆಲ್ಲ ಡ್ರೈವರ್ ತನ್ನ ಅಕ್ಕನ ಮನೆಗೆ ಒಯ್ದ.

ಉಳಿದವು ಪೈಪೋಟಿಗೆ ಬಿದ್ದು ಕೂಗತೊಡಗಿದವು. ಕೂಗಿ ದಣಿದರೆ ಕಚ್ಚಾಡುತ್ತಿದ್ದವು. ಹೀಗಿರುವಾಗ ಡ್ರೈವರ್ ಮತ್ತೆ ಬಂದ, ಕೈಯಲ್ಲಿ ಒಂದು ಬಟ್ಟಲು. ಬಟ್ಟಲ ತುಂಬ, ಮಸಿ ಸಿಡಿದಂಥ ಪುಟ್ಟ ಪುಟ್ಟ ಮೊಟ್ಟೆ.

"ಅಕ್ಕ ಕಳಿಸಿದ್ದು ಸಾರ್. ನೀವು ಕೊಟ್ಟ ಗಂಡುಗಳು ದಿನಾ ತಪ್ಪದೆ ಮೊಟ್ಟೆ ಇಡ್ತಿವೆ."

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ಒಳಗೋಡಿದಳು. ಪಾತ್ರೆ ಸದ್ದಿನ ನಡುವೆಯೂ ಆ ನಗು ಕೇಳಿಸುತ್ತಲೇ ಇತ್ತು. ಅವಳ ನಗು ಹೀಗಿತ್ತೆಂಬುದೇ ಅವರಿಗೆ ಮರೆತುಹೋಗಿತ್ತು. ಅವಮಾನದ ನಡುವೆಯೂ ಅವರು ಒಂದಿಷ್ಟು ಹೊತ್ತು ಅದನ್ನೇ ಕೇಳುತ್ತ ನಿಂತರು. ಆಮೇಲೆ ಗೂಡಿನಲ್ಲಿ ಉಳಿದಿದ್ದ ಅಸಲಿ ಗಂಡುಗಳನ್ನು ಅದೇ ರಟ್ಟಿನ ಡಬ್ಬಿಗೆ ತುಂಬಿ ಮಾರಿದವನಿಗೇ ಒಪ್ಪಿಸಿ ಬಂದರು.

ಮರುದಿನ ಬೆಳಿಗ್ಗೆ ಹಿತ್ತಲು ಗಪ್‌ಚಿಪ್. ಹೆಂಡತಿ ಬಂದು ಹತ್ತಿರ ಕೂತಳು. ನಗು ಇರಲಿಲ್ಲ.

"ಅಮ್ಮ ತಿಂಡಿ ಮುಟ್ಟಿಲ್ಲ ರೀ. ನಿಮಗೆ ಅವಳ ಮೇಲೆ ಕೋಪವಂತೆ."

"ನನಗೆ? ಯಾಕೆ?"

"ದಿನಾ ಬೆಳಿಗ್ಗೆ ಅಳಿಯಂದ್ರು ಕಿಟಕಿ ಹತ್ರ ನಿಂತು ಎಷ್ಟು ಚೆನ್ನಾಗಿ ಮಾತಾಡಿಸೋರು, ನಾನೂ ನನ್ನ ಕಷ್ಟಸುಖ ಹೇಳ್ಕೋತಿದ್ದೆ, ಇವತ್ತು ಬಾಯೇ ಬಿಡ್ಲಿಲ್ಲ ಅಂತ ಕಣ್ಣೀರು ಹಾಕ್ತಿದಾಳೆ."

ಪ್ರೂಫ್ ರೀಡರಿಗೆ ಮೊದಲು ಸಿಟ್ಟು ಬಂತು: ಆ ಗರಗಸ ತಮ್ಮ ಕಂಠವೇ? ಆಮೇಲೆ, ಮಂಜುಗಣ್ಣಿನ ಮುದುಕಿ ಕಿಟಕಿಯ ಸರಳು ಹಿಡಿದು ಮಂಡಿನೋವು, ಮರೆವು, ಹಳೆಯ ದಿನಗಳನ್ನೆಲ್ಲ ಹಕ್ಕಿಗಳಿಗೆ ಒಪ್ಪಿಸಿದ್ದು ಕಣ್ಣಿಗೆ ಕಟ್ಟಿತು. ತಾವು ಅವರನ್ನು ಮಾತಾಡಿಸಿದ್ದು ಯಾವಾಗ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಕಿಟಕಿಯ ಕೆಳಗೆ ನಿಂತರು.

"ಅತ್ತೇ, ನನಗೆ ಯಾವ ಕೋಪವೂ ಇಲ್ಲ!"

"ಆಂ?"

"ಕೋಪ ಇಲ್ಲಾ!"

"ಗೊಣಗಬೇಡಿ ಅಳಿಯಂದ್ರೇ. ದಿನಾ ಹೇಳ್ತಿದ್ರಲ್ಲ, ಹಾಗೆ ಸ್ಪಷ್ಟವಾಗಿ ಹೇಳಿ."

ಪ್ರೂಫ್ ರೀಡರು ಆಚೆ ನೋಡಿದರು, ಈಚೆ ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. ಅವರು ಎದೆ ಉಬ್ಬಿಸಿದರು, ಕತ್ತು ಮುಂದಕ್ಕೆ ಚಾಚಿದರು.

"ಕ್ವಾ... ಕ್ವಾ... ಕ್ವರ್‍ರ್!"

ಗೋಡೆಯಾಚೆ ಮಂಚವೊಂದು ಧಡಕ್ಕನೆ ಕುಸಿದ ಸದ್ದಾಯಿತು.

"ಈಗ ಸರಿಯಾಗಿ ಹೇಳಿದ್ರಿ ನೋಡಿ" ಎಂದರು ಅತ್ತೆ, ತಿಂಡಿಯ ತಟ್ಟೆಯನ್ನು ಹತ್ತಿರ ಎಳೆದುಕೊಳ್ಳುತ್ತ.