ಮೂವತ್ತು ಅಡಿ ಆಳದ ಸತ್ಯ

ಎಲ್ಲ ತಾಪತ್ರಯಕ್ಕೂ ಮೂಲ ಒಂದೇ ಒಂದು ಸಾಲು. ಅದನ್ನು ಹಾರ್ಲನ್ ಟ್ಯಾಕೆಟ್ ಶುಕ್ರವಾರ ಸಂಜೆ ಪೌಡರ್‌ಮಿಲ್ ಕೆರೆಯ ಗಾಳದಂಗಡಿಯ ಕರಿಹಲಗೆಯ ಮೇಲೆ ಕೈಯಾರೆ ಬರೆದಿದ್ದ: "ಬಡಗಣ ಗಾಳಿ ಬಂತು. ಬ್ಯಾಸ್ ಮೀನು ಸೇತುವೆ ಕೆಳಗೆ, ಮೂವತ್ತು ಅಡಿಯಲ್ಲಿ. ದಡದಲ್ಲಿ ಗಾಳ ಹಾಕುವವನು ಮೂರ್ಖ." ಮೂರ್ಖ ಎಂಬುದರ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದ.

ಹನ್ನೊಂದು ವರ್ಷದಿಂದ ಆ ಹಲಗೆಯ ಸೀಮೆಸುಣ್ಣ ಅವನ ಕೈಯಲ್ಲಿತ್ತು. ಕೆಲಸದಲ್ಲಿ ಅವನು ಅಂಚೆಯವನು. ಆದರೆ ಕೆಂಟಕಿಯ ಆ ಮೂಲೆಯಲ್ಲಿ ಅವನು ಕಾಗದ ಹಂಚಿದ್ದಕ್ಕಿಂತ ಹವಾಮಾನ ಹಂಚಿದ್ದೇ ಹೆಚ್ಚು. ಮೋಡ ನೋಡಿ ಮೀನಿನ ವಿಳಾಸ ಹೇಳುತ್ತಾನೆ ಎಂದು ಜನ ನಂಬಿದ್ದರು. ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದವನು ಹಾರ್ಲನ್ನೇ.

ಆಗಸ್ಟ್ ಪೂರ್ತಿ ಕೆರೆ ಒಲೆಯ ಮೇಲಿಟ್ಟ ಸಾರಿನಂತೆ ಬೆಚ್ಚಗಿತ್ತು. ತಿಂಗಳ ಕೊನೆಯ ಶುಕ್ರವಾರ ಗುಡುಗು ಬಂತು, ಮಳೆ ಬಂತು, ಹಿಂದೆಯೇ ತಂಪು ಗಾಳಿ ಬಂತು. ಹೀಗೆ ಹವೆ ಮಗ್ಗುಲು ಬದಲಿಸಿದಾಗ ಮೀನು ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ಅಲ್ಲಿ ಮದುವೆಗಳೇ ಮುರಿದುಬಿದ್ದಿವೆ.

"ತಪ್ಪು, ಭಾವ," ಎಂದ ಡೆಲ್ಮರ್. ಅವನು ಹಾರ್ಲನ್ನನ ಹೆಂಡತಿ ನಡೀನಳ ತಮ್ಮ. ಮನೆಮನೆಗೆ ಗ್ಯಾಸ್ ಸಿಲಿಂಡರ್ ಹಾಕುವವನು. "ತಂಪಾದ್ರೆ ಸಣ್ಣ ಮೀನೆಲ್ಲ ಹಳ್ಳದ ಬಾಯಿಗೆ ಓಡ್ತಾವೆ. ಬ್ಯಾಸ್ ಅವುಗಳ ಬೆನ್ನಟ್ಟಿ ಹೋಗ್ತಾವೆ. ನೀನು ಸೇತುವೆ ಕೆಳಗೆ ನೆಗಡಿ ಹಿಡೀತೀಯ, ಅಷ್ಟೇ."

"ಸಿಲಿಂಡರ್ ಹೊತ್ತು ಹೊತ್ತು ನಿನ್ನ ತಲೆಗೂ ಗ್ಯಾಸ್ ಹೋಗಿದೆ ಕಣೋ."

"ಹಾಗಾದ್ರೆ ನಾಳೆ ಕ್ಲಬ್ಬಿನ ಮೀನು ಹಿಡಿಯೋ ಪಂದ್ಯದಲ್ಲಿ ಗೆದ್ದವನಿಗೆ ಸೀಮೆಸುಣ್ಣ. ಆಗಬಹುದಾ?"

ಅಂಗಡಿ ತುಂಬ ಜನ. ಹಾರ್ಲನ್ನನಿಗೆ ಆಗಬಹುದು ಎನ್ನದೆ ಬೇರೆ ದಾರಿ ಇರಲಿಲ್ಲ.

ಶನಿವಾರ ಬೆಳಿಗ್ಗೆ ಆಕಾಶ ಒಗೆದು ನೀಲಿ ಹಾಕಿದ ಬಟ್ಟೆಯಂತೆ ಹೊಳೆಯುತ್ತಿತ್ತು. ಹಾರ್ಲನ್ ಸೇತುವೆ ಕೆಳಗೆ ನಿಂತ. ಅವನ ಮಾತು ನಂಬಿ ನಾಲ್ಕು ದೋಣಿಗಳು ಸುತ್ತ ನಿಂತವು. ಏಳು ಗಂಟೆ, ಎಂಟು, ಒಂಬತ್ತು. ನೀರೊಳಗಿನ ಮೀನು ತೋರಿಸುವ ಯಂತ್ರದ ಪರದೆಯನ್ನು ಅವನು ಒಂದು ಕ್ಷಣವೂ ಆರಿಸಲಿಲ್ಲ. ಪರದೆಯ ಮೇಲೆ ಚುಕ್ಕಿಯೂ ಮೂಡಲಿಲ್ಲ.

"ಹಾರ್ಲನ್, ಏನಾದ್ರೂ ಇದೆಯಾ ಕೆಳಗೆ?" ಪಕ್ಕದ ದೋಣಿಯವನು ಕೂಗಿದ.

"ಇವೆ. ಯೋಚನೆ ಮಾಡ್ತಾ ಇವೆ."

ಹನ್ನೊಂದಕ್ಕೆ ನಾಲ್ಕೂ ದೋಣಿಗಳು ಮೆಲ್ಲಗೆ ಜಾರಿಕೊಂಡವು. ಹನ್ನೆರಡಕ್ಕೆ ಹಾರ್ಲನ್ ಇಂಜಿನ್ನಿನ ಕೀಲಿ ತಿರುಗಿಸಿದರೆ ಅದು ಮುದಿಬೆಕ್ಕಿನಂತೆ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಪರದೆ ಬ್ಯಾಟರಿಯನ್ನೆಲ್ಲ ಕುಡಿದುಬಿಟ್ಟಿತ್ತು. ಗಾಳಿ ದೋಣಿಯನ್ನು ತಳ್ಳಿಕೊಂಡು ಹೋಗಿ ಮಿಸ್ ವರ್ಲಿಯ ಮನೆಯ ಹಿಂದೆ ನೀರಿನ ಮೇಲೆ ಕಂಬ ನೆಟ್ಟು ಹಾಸಿದ ಮರದ ದೋಣಿಕಟ್ಟೆಗೆ ಢಿಕ್ಕಿ ಹೊಡೆಸಿತು.

ಮಿಸ್ ವರ್ಲಿಗೆ ಎಂಬತ್ತೊಂದು ವರ್ಷ. ಊರಿನ ಮೂರು ತಲೆಮಾರಿಗೆ ಭಾನುವಾರದ ಬೈಬಲ್ ಪಾಠ ಹೇಳಿಕೊಟ್ಟವಳು. ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಒಣಬ್ರೆಡ್ ಪುಡಿಮಾಡಿ ನೀರಿಗೆ ಎಸೆಯುತ್ತ ಕೂತಿದ್ದಳು.

"ಯಾರದು, ಅಂಚೆಯವನಾ? ನೀರ ಮೇಲೆ ಕಾಗದ ತಂದ್ಯಾ?"

"ಇಲ್ಲ ಮಿಸ್ ವರ್ಲಿ. ಬ್ಯಾಟರಿ ಸತ್ತಿದೆ. ಗ್ಯಾರೇಜ್‌ನೋರಿಗೆ ಫೋನ್ ಮಾಡ್ತೀನಿ, ಒಂದು ಗಂಟೇಲಿ ಬೇರೆ ತರ್ತಾರೆ. ಇಲ್ಲೇ ಕಟ್ಕೊಳ್ಳಲಾ?"

"ಕಟ್ಕೋ. ನಿಮ್ಮಪ್ಪನ ದೋಣೀನೂ ಹಿಂಗೇ ಸಾಯ್ತಿತ್ತು. ಹುಟ್ಟು ಇಟ್ಕೋ ಅಂದ್ರೆ ಕೇಳ್ತಾನೇ ಇರಲಿಲ್ಲ."

ಗಾಳ ಹಿಡಿದು ಬೆಳೆದ ಕೈ ಸುಮ್ಮನೆ ಕೂರುವುದಿಲ್ಲ. ಹಾರ್ಲನ್ ಏನೂ ಆಸೆಯಿಲ್ಲದೆ, ಅಡಿಕೆ ಜಗಿಯುವವನ ನಿರ್ಲಕ್ಷ್ಯದಲ್ಲಿ, ಗಾಳವನ್ನು ಕಟ್ಟೆಯ ನೆರಳಿಗೆ ಇಳಿಬಿಟ್ಟ. ಕೋಲು ಬಿಲ್ಲಾಯಿತು.

"ಅಯ್ಯೋ, ಅವಳು ಬರ್ನೀಸ್!" ಮಿಸ್ ವರ್ಲಿ ಎದ್ದು ನಿಂತಳು. "ಬಾಲ ಹರಿದಿದೆ ನೋಡು. ಹುಷಾರಾಗಿ ಎತ್ತೋ, ತೂಕ ಆದ್ಮೇಲೆ ಜೀವಂತ ವಾಪಸ್ ಬರ್ಬೇಕು ಇವಳು!"

"ಮೀನಿಗೆ ಹೆಸರಿಟ್ಟಿದೀರಾ?"

"ದಿನಾ ಮುಖ ನೋಡ್ತೀನಿ, ಹೆಸರಿಡಬಾರದಾ? ಬ್ರೆಡ್ ಹಾಕಿದ್ರೆ ಸಣ್ಣವು ಬರ್ತಾವೆ, ಅವನ್ನ ನುಂಗೋಕೆ ಇವಳು ಬರ್ತಾಳೆ. ಪ್ರತಿ ವರ್ಷ ತಂಪು ಗಾಳಿ ಬಂದು, ಮಾರನೇ ದಿನ ಬಿಸಿಲು ಕಣ್ಣು ಕುಕ್ಕಿದ್ರೆ, ಇಡೀ ಸಂಸಾರ ನನ್ನ ಕಟ್ಟೆ ನೆರಳಿಗೇ ಬಂದು ಕೂರುತ್ತೆ. ಕೇಳಿದ್ದಿದ್ರೆ ಹೇಳ್ತಿದ್ದೆ. ಗಂಡಸರು ಯಾವಾಗ ಕೇಳಿದ್ದಾರೆ?"

ಐವತ್ತು ನಿಮಿಷದಲ್ಲಿ ಐದು ಮೀನು. ಒಂದಕ್ಕಿಂತ ಒಂದು ದಪ್ಪ. ಹಾರ್ಲನ್ ಹುಟ್ಟಿಲ್ಲದ್ದಕ್ಕೆ ಗಾಳದ ಕೋಲನ್ನೇ ಇಳಿಸಿ ನೀರಿನ ಆಳ ನೋಡಿದ. ಮೂರು ಅಡಿ. ದಡಕ್ಕೆ ಎಂಟು ಹೆಜ್ಜೆ.

ಸಂಜೆ ನಾಲ್ಕಕ್ಕೆ ತೂಕ. ಬಹಳ ಜನ ಬರಿಗೈ. ಡೆಲ್ಮರ್ ಹಳ್ಳದ ಬಾಯಲ್ಲಿ ಬೆಳಗಿನಿಂದ ಹೆಣಗಿ ಎರಡು ಮೀನು ತಂದಿದ್ದ, ಮೂರು ಪೌಂಡು. ಹಾರ್ಲನ್ನನ ಚೀಲ ತಕ್ಕಡಿಗೆ ಬಿದ್ದಾಗ ಹದಿನಾರು ಪೌಂಡು ತೋರಿಸಿತು. ಜನ ಹೋ ಎಂದರು. ನಡೀನ್ ಕೂಡ ಸೀಟಿ ಹೊಡೆದಳು. ಕ್ಲಬ್ಬಿನ ಅಧ್ಯಕ್ಷ ಲೀಮನ್ ಬಾಗ್ಸ್ ಮೈಕನ್ನು ಅವನ ಬಾಯಿಗೆ ಹಿಡಿದ.

"ಎಲ್ಲಿ ಸಿಕ್ಕಿದ್ವಪ್ಪಾ?"

ನಿಜ ನಾಲಗೆಯ ತುದಿಗೆ ಬಂದಿತ್ತು. ಅಲ್ಲಿ ಆ ಎರಡು ಗೆರೆ ಎಳೆದ ಮೂರ್ಖನನ್ನು ಎಡವಿ ಒಳಗೇ ಬಿತ್ತು.

"ಬರೆದಿದ್ದೆನಲ್ಲ? ಸೇತುವೆ ಕೆಳಗೆ. ಮೂವತ್ತು ಅಡಿ."

"ನಾಲ್ಕು ದೋಣಿಯೋರು ಅಲ್ಲೇ ಕೂತು ಬರಿಗೈಲಿ ಬಂದ್ರಲ್ಲ, ಭಾವ?" ಎಂದ ಡೆಲ್ಮರ್.

"ಅವರು ಇಪ್ಪತ್ತೊಂಬತ್ತರಲ್ಲಿ ಹಾಕ್ತಾ ಇದ್ರು."

ಪಕ್ಕದ ಕೌಂಟಿಯಲ್ಲಿ ಯಾರೋ ಮೀನಿನ ಹೊಟ್ಟೆಗೆ ಸೀಸದ ಗುಂಡು ತುರುಕಿ ಸಿಕ್ಕಿಬಿದ್ದಂದಿನಿಂದ, ಗೆದ್ದವನನ್ನು ಸುಳ್ಳು ಹಿಡಿಯುವ ಯಂತ್ರದ ಮುಂದೆ ಕೂರಿಸುವುದು ಕ್ಲಬ್ಬಿನ ಕಟ್ಟಳೆ. ಯಂತ್ರ ಮಾಜಿ ಪೊಲೀಸ್ ಗೇದರನದು. ಅವನು ಹಾರ್ಲನ್ನನ ಬೆರಳಿಗೆ ತಂತಿ ಕಟ್ಟಿದ, ಎದೆಗೆ ಪಟ್ಟಿ ಬಿಗಿದ. ಜನ ಸುತ್ತ ಒತ್ತಿ ನಿಂತರು.

"ಐದೂ ಮೀನು ನೀನೇ ಹಿಡಿದಿದ್ದಾ?"

"ಹೌದು."

"ಮೈಕಲ್ಲಿ ಹೇಳಿದ್ದೆಲ್ಲ ನಿಜವಾ?"

ಅಷ್ಟು ಹೊತ್ತಿಗೆ ಹಾರ್ಲನ್ ಆ ಕತೆಯನ್ನು ಆರು ಜನಕ್ಕೆ ಹೇಳಿಯಾಗಿತ್ತು. ದಾರ ಮೂವತ್ತು ಅಡಿ ಇಳಿದದ್ದು, ಕತ್ತಲ ನೀರಲ್ಲಿ ಬರ್ನೀಸ್ ಬಾಯಿ ತೆರೆದದ್ದು, ಎಲ್ಲ ಅವನ ಕಣ್ಣಿಗೆ ಕಟ್ಟಿತ್ತು.

"ಅಕ್ಷರಶಃ."

ಮುಳ್ಳು ಮಿಸುಕಲಿಲ್ಲ. "ನಿಜ," ಎಂದ ಗೇದರ್. ನಾಲ್ಕು ದೋಣಿಯವರು ಟೋಪಿ ತೆಗೆದರು. ಡೆಲ್ಮರ್ ತಲೆ ತಗ್ಗಿಸಿದ. ಹಾರ್ಲನ್ನನ ಎದೆ ಎಷ್ಟು ಉಬ್ಬಿತೆಂದರೆ ಕಟ್ಟಿದ ಪಟ್ಟಿ ಪಟ್ಟನೆ ಬಿಚ್ಚಿಕೊಂಡಿತು.

ಆಗ ಜನರ ಮಧ್ಯದಿಂದ ಒಂದು ಬಕೆಟ್ ಬಂತು. ಬಕೆಟ್ಟಿನ ಹಿಂದೆ ಮಿಸ್ ವರ್ಲಿ.

"ಬರ್ನೀಸ್ ಎಲ್ಲಿ? ತೂಕ ಆಯ್ತಲ್ಲ, ಮನೆಗೆ ಕರ್ಕೊಂಡು ಹೋಗ್ತೀನಿ. ಮಧ್ಯಾಹ್ನದಿಂದ ನನ್ನ ಕಟ್ಟೆ ಬಣಗುಡ್ತಾ ಇದೆ."

"ಯಾವ ಕಟ್ಟೆ, ಮಿಸ್ ವರ್ಲಿ?" ಡೆಲ್ಮರನ ತಲೆ ಮೇಲೆದ್ದಿತು.

"ಇವನು ಐದನ್ನೂ ಹಿಡಿದ ಕಟ್ಟೆ. ಇನ್ಯಾವುದು?"

ಲೀಮನ್ ಗಂಟಲು ಸರಿಮಾಡಿಕೊಂಡ. "ಇಲ್ಲ, ಅದು ಸೇತುವೆ ಕೆಳಗೆ ಅಂತ ಯಂತ್ರಾನೇ ಹೇಳಿದೆ."

"ಅಂದ್ರೆ ನಾನು ಸುಳ್ಳುಗಾತಿ? ನಿನಗೆ ಬೈಬಲ್ಲಿನ ಹತ್ತು ಕಟ್ಟಳೆ ಬಾಯಿಪಾಠ ಮಾಡಿಸಿದ್ದು ಯಾರೋ, ಲೀಮನ್? ಒಂಬತ್ತನೇದು ಏನು?"

"ಸುಳ್ಳುಸಾಕ್ಷಿ ಹೇಳಬಾರದು, ಮಿಸ್ ವರ್ಲಿ."

"ಏಳೋ ಹಾರ್ಲನ್. ಗೇದರ್, ಕಟ್ಟು ಆ ತಂತೀನ ನನಗೆ."

ಮುದುಕಿ ಕೂತಳು. ಗೇದರ್ ಕೇಳಿದ, ಅವಳು ಹೇಳಿದಳು. ಮುಳ್ಳು ಚರ್ಚಿನ ಗೋಪುರದಂತೆ ನೆಟ್ಟಗೆ ನಿಂತಿತು. "ಇದೂ ನಿಜ," ಎಂದು ಗೇದರ್ ಹಣೆ ಒರೆಸಿಕೊಂಡ.

ಐದೇ ಮೀನು, ಎರಡು ಸತ್ಯ. ಲೀಮನ್ ಕಟ್ಟಳೆಯ ಪುಸ್ತಕ ತೆಗೆದು ಓದಿದ: ಯಂತ್ರದ ಮಾತು ಅನುಮಾನಕ್ಕೆ ಬಿದ್ದರೆ ಗೆಲುವು ಎರಡನೆಯವನಿಗೆ. ಆಮೇಲೆ ಪುಸ್ತಕ ಮುಚ್ಚಿ ಹತ್ತಿರ ಬಂದು ದನಿ ತಗ್ಗಿಸಿದ.

"ನೋಡು ಹಾರ್ಲನ್, ಕಟ್ಟೆ ಕೆಳಗೆ ಹಿಡಿದ್ರೆ ತಪ್ಪೇನೂ ಇಲ್ಲ. ಮೀನು ನಿನ್ನದೇ, ಗೆಲುವೂ ನಿನ್ನದೇ, ಸೀಮೆಸುಣ್ಣಾನೂ ನಿನ್ನದೇ. ಮೂರಡಿ ನೀರಲ್ಲಿ ಸಿಕ್ತು ಅಂತ ಒಂದು ಮಾತು ಹೇಳ್ಬಿಡಪ್ಪಾ."

"ಹೇಳ್ರೀ," ಎಂದಳು ನಡೀನ್.

ಹಾರ್ಲನ್ ಹೆಂಡತಿಯನ್ನು ನೋಡಿದ, ಭಾವಮೈದುನನನ್ನು ನೋಡಿದ, ನಾಲ್ಕು ಟೋಪಿಗಳನ್ನು ನೋಡಿದ.

"ಮೂವತ್ತು," ಎಂದ.

ಸೀಮೆಸುಣ್ಣ ಡೆಲ್ಮರನ ಕೈ ಸೇರಿತು. ಅವನು ಹಲಗೆ ಒರೆಸಿ ಬರೆದ: "ನಾಳೆ ಮಿಸ್ ವರ್ಲಿಯ ಕಟ್ಟೆ. ಮೂರು ಅಡಿ." ಮೂರ್ಖನನ್ನು ಮಾತ್ರ ಒರೆಸದೆ ಹಾಗೇ ಬಿಟ್ಟ.

ತಂತಿ ಸುತ್ತಿಡುತ್ತಿದ್ದ ಗೇದರ್ ಮೆಲ್ಲಗೆ ಹೇಳಿದ: "ನನ್ನ ಯಂತ್ರ ಕೆಟ್ಟಿಲ್ಲ ಕಣೋ. ಅದು ಸುಳ್ಳು ಹಿಡಿಯಲ್ಲ, ಸುಳ್ಳು ಹೇಳೋವಾಗಿನ ಅಳುಕು ಹಿಡಿಯುತ್ತೆ. ಮೂವತ್ತು ವರ್ಷದಲ್ಲಿ ಕಳ್ಳರನ್ನ ನೋಡಿದೀನಿ, ವಕೀಲರನ್ನ ನೋಡಿದೀನಿ. ಇಷ್ಟೂ ಅಳುಕಿಲ್ಲದ ಎದೆ ಇವತ್ತೇ ನೋಡಿದ್ದು."

ಹಾರ್ಲನ್ ಇದನ್ನು ಹೊಗಳಿಕೆ ಎಂದೇ ತೆಗೆದುಕೊಂಡ. ಯಂತ್ರ ನಿಜ ಎಂದು ಗೀಚಿದ ಕಾಗದದ ಸುರುಳಿಯನ್ನು ಕೇಳಿ ಇಸಿದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡ.

ಭಾನುವಾರ ಚರ್ಚಿನ ಗಂಟೆಗೆ ಮುಂಚೆ ಕ್ಲಬ್ಬಿನ ಅಷ್ಟೂ ದೋಣಿಗಳು ಮಿಸ್ ವರ್ಲಿಯ ಕಟ್ಟೆಯ ಸುತ್ತ ನೊಣದಂತೆ ಮುತ್ತಿದ್ದವು. ಮೀನು ಎದ್ದಾಗಲೆಲ್ಲ ಅವಳು ಹೆಸರು ಕೂಗುವುದು ಕೆರೆಯ ಆಚೆ ದಡಕ್ಕೂ ಕೇಳುತ್ತಿತ್ತು. ಸೇತುವೆ ಕೆಳಗೆ ಒಂದೇ ದೋಣಿ. ಅದರಲ್ಲಿ ಹೊಸ ಬ್ಯಾಟರಿ, ಬೆನ್ನು ನೆಟ್ಟಗೆ ಮಾಡಿ ಕೂತ ಹಾರ್ಲನ್.

ನಡೀನಳ ಫೋನ್ ಬಂತು. "ಏನಾದ್ರೂ ಕಚ್ತಾ ರೀ?"

"ಕಚ್ಚುತ್ತೆ, ಕಚ್ಚುತ್ತೆ," ಎಂದ ಹಾರ್ಲನ್, ದಾರವನ್ನು ಇನ್ನಷ್ಟು ಸಡಿಲ ಬಿಡುತ್ತ. "ಇವತ್ತು ಅವು ಮೂವತ್ತೊಂದಕ್ಕೆ ಇಳಿದಿವೆ, ಅಷ್ಟೇ."