ತೂಕ ತಪ್ಪದ ಮಿಠಾಯಿ ಚೀಲ

ವೆಂಡೆಲ್ ಪ್ರೂಯಿಟ್‌ನ ಮರ್ಯಾದೆ ಕಳೆದ ವರ್ಷದ ಹ್ಯಾಲೋವೀನ್‌ನಲ್ಲಿ ಮನೆ ಬಾಗಿಲಲ್ಲೇ ಹೋಗಿತ್ತು. ಹಬ್ಬದ ಸಂಜೆ ವೇಷ ಹಾಕಿಕೊಂಡು ಮನೆಮನೆಗೆ ಬರುವ ಮಕ್ಕಳಿಗೆ ಹಂಚುತ್ತ ಬೇಗನೆ ಮಿಠಾಯಿ ಖಾಲಿಯಾಗಿ, ದೀಪ ಆರಿಸಿ, ಸೋಫಾದ ಹಿಂದೆ ಉಸಿರು ಬಿಗಿಹಿಡಿದು ಅಡಗಿ ಕೂತವನನ್ನು ಬೀದಿಯ ಮಕ್ಕಳು ಕಿಟಕಿಯಿಂದ ಕಂಡುಬಿಟ್ಟವು. ಬೆಳಿಗ್ಗೆ ನೋಡಿದರೆ ಮನೆಯ ಮುಂಗೋಡೆಯ ಮೇಲೆ, ಮಿಠಾಯಿ ಸಿಗದವರು ಎಸೆದ, ಒಂದು ಮದುವೆಮನೆಯ ಆಮ್ಲೆಟ್ಟಿಗಾಗುವಷ್ಟು ಮೊಟ್ಟೆ. ಅದನ್ನು ಉಜ್ಜಿ ತೊಳೆದವಳು ಹೆಂಡತಿ ಡಾರ್ಲೀನ್. ವರ್ಷವಿಡೀ ಅದನ್ನು ನೆನಪಿಸುತ್ತ ಬಂದವರು, ಅದೇ ಮನೆಯಲ್ಲಿದ್ದ ಅವಳ ತಾಯಿ, ಅತ್ತೆ ವಿಲ್ಮಾ.

ಈ ವರ್ಷ ಡಾರ್ಲೀನ್‌ಗೆ ಆಸ್ಪತ್ರೆಯಲ್ಲಿ ಸಂಜೆ ಪಾಳಿ. ಹೊರಡುವಾಗ ಅವಳು ಹೇಳಿದ್ದು ಇಷ್ಟೇ: "ಮಿಠಾಯಿ ಬೇಕಾದಷ್ಟು ತಂದಿಟ್ಟಿದೀನಿ. ಬಟ್ಟಲಿಗೆ ಸುರ್ಕೊಂಡು ಬಾಗಿಲಲ್ಲಿ ಕೂತ್ಕೊ. ಪಾಳಿ ಮುಗಿದ್ಮೇಲೆ ಕಾರು ತಂದು ನನ್ನ ಕರ್ಕೊಂಡು ಹೋಗು. ಬೇರೇನೂ ಮಾಡ್ಬೇಡ."

'ಬೇರೇನೂ ಮಾಡ್ಬೇಡ' ಎಂಬ ಮಾತು ಕಿವಿಗೆ ಬಿದ್ದರೆ ವೆಂಡೆಲ್‌ನ ತಲೆ ತುಂಬ ಚುರುಕಾಗಿ ಓಡುತ್ತದೆ. (ಯಾವ ಕಡೆಗೆ ಎಂದು ಕೇಳಬಾರದು.) ಅವನು ಊರಿನ ನಟ್ಟು-ಬೋಲ್ಟು ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕ. ಪೊಟ್ಟಣವನ್ನು ಅಂಗೈಮೇಲಿಟ್ಟು ಕಣ್ಣು ಮುಚ್ಚಿದರೆ ಒಂದು ಬೋಲ್ಟು ಕಡಿಮೆಯಿದ್ದರೂ ಹೇಳಬಲ್ಲ. ಇಂಥ ಮಹಾನುಭಾವ ಬಟ್ಟಲು ಹಿಡಿದು ಬಾಗಿಲು ಕಾಯುವುದೇ? ಪ್ರತಿ ಮಗುವಿಗೂ ಒಂದೊಂದು ಚೀಲ, ಚೀಲಕ್ಕೊಂದು ಕಿತ್ತಳೆ ಬಣ್ಣದ ರಿಬ್ಬನ್ನು, ಮೇಲೊಂದು ಕಾಗದದ ಬಾವಲಿ, ಒಳಗೆ ಸಮತೂಕದ ಮಿಠಾಯಿ ಎಂದು ಅವನು ನಿಶ್ಚಯಿಸಿದ. ಕಾರ್ಮಿಕರು ಮನೆಯಲ್ಲೇ ಇದ್ದರು. ಆರು ವರ್ಷದ ಮಗಳು ಟಿಲ್ಲಿ ಮತ್ತು ನಾಲ್ಕು ವರ್ಷದ ಮಗ ಗಸ್.

ಅಡುಗೆಮನೆಯ ಮೇಜಿನ ಮೇಲೆ ಕಾರ್ಖಾನೆ ತೆರೆಯಿತು. ಗಸ್ ಮಿಠಾಯಿ ತುಂಬುವುದು, ಟಿಲ್ಲಿ ರಿಬ್ಬನ್ನು ಕಟ್ಟುವುದು. ಬಾವಲಿ ಅಂಟಿಸುವಾಗ ಗೋಂದು ಮೆತ್ತಿತೆಂದು ವೆಂಡೆಲ್ ಮದುವೆಯುಂಗುರ ತೆಗೆದು ಮೇಜಿನ ಮೇಲಿಟ್ಟ. ಕೆಲಸದ ವೇಳೆಯಲ್ಲಿ ತಿನ್ನಕೂಡದು ಎಂಬ ಕಾನೂನನ್ನು ಮಕ್ಕಳ ಬಾಯಲ್ಲಿ ಮೂರು ಸಲ ಹೇಳಿಸಿ, ತಾನು ಪಕ್ಕದ ಕೋಣೆಗೆ ಹೋಗಿ ಫುಟ್‌ಬಾಲ್ ಪಂದ್ಯದ ಮುಂದೆ ಕೂತ. ಸಿದ್ಧವಾದ ಚೀಲಗಳನ್ನು ಅಲ್ಲಿಗೇ ತಪಾಸಣೆಗೆ ತರಬೇಕು.

ಜೇನು ಕಿತ್ತವನು ಕೈ ನೆಕ್ಕದೆ ಬಿಡುತ್ತಾನೆಯೇ? ಕಾರ್ಮಿಕರು ಚೀಲಕ್ಕೊಂದು, ಬಾಯಿಗೊಂದು ಎಂದು ಶುರುಮಾಡಿ, ಬಾಯಿಗೆರಡು, ಚೀಲಕ್ಕೆ ನೋಡೋಣ ಎಂಬಲ್ಲಿಗೆ ಬಂದು ಮುಟ್ಟಿದರು. ಮೊದಲ ಚೀಲ ತಪಾಸಣೆಗೆ ಬಂತು. ವೆಂಡೆಲ್ ಅಂಗೈಮೇಲಿಟ್ಟು ಋಷಿಯಂತೆ ಕಣ್ಣು ಮುಚ್ಚಿದ.

"ಹಗುರ. ವಾಪಸ್."

ಎರಡನೆಯದೂ ಹಗುರ. ಮೂರನೆಯದಂತೂ ಗಾಳಿಗೆ ಹಾರುವಂತಿತ್ತು. ಅವನು ಕಣ್ಣು ತೆರೆದಿದ್ದರೆ ಗಸ್‌ನ ಮೂಗಿನವರೆಗೂ ಮೆತ್ತಿದ್ದ ಚಾಕೊಲೇಟು ಕಾಣಿಸುತ್ತಿತ್ತು. ಆದರೆ ಕಣ್ಣು ತೆರೆದು ತೂಗುವುದು ಕಸುಬಿಗೆ ಅವಮಾನ.

ಟಿಲ್ಲಿ ಸ್ವಲ್ಪ ಯೋಚಿಸಿ ಕೇಳಿದಳು. "ಅಪ್ಪಾ, ಭಾರ ಆದ್ರೆ ಸಾಕಾ?"

"ಭಾರ ಆದ್ರೆ ಸಾಕು ಕಣಮ್ಮ. ಬೇರೆ ಏನೂ ಕೇಳಲ್ಲ ನಾನು," ಎಂದ ಅಪ್ಪ, ಪಂದ್ಯದ ಮೇಲಿನ ಕಣ್ಣು ತೆಗೆಯದೆ.

ಆಮೇಲೆ ಬಂದ ಒಂದೊಂದು ಚೀಲವೂ ಅಂಗೈ ಕುಸಿಯುವಷ್ಟು ತೂಕ. ರಿಬ್ಬನ್ನಿನ ಗಂಟು ಭದ್ರ. ವೆಂಡೆಲ್ ಒಂದೊಂದನ್ನೂ ಒಪ್ಪಿ ಸಾಲಾಗಿ ಜೋಡಿಸಿದ. ಕಾರ್ಖಾನೆಯಲ್ಲಿ ದೊಡ್ಡವರಿಗೆ ತಿಂಗಳುಗಟ್ಟಲೆ ಹೇಳಿಕೊಟ್ಟರೂ ಬಾರದ ವಿದ್ಯೆ ತನ್ನ ರಕ್ತಕ್ಕೆ ಒಂದೇ ಮಧ್ಯಾಹ್ನದಲ್ಲಿ ಬಂತಲ್ಲ ಎಂದುಕೊಂಡ.

ಕತ್ತಲಾಗುತ್ತಲೇ ಮಕ್ಕಳ ದಂಡು ಬಂತು. ಕಡಲ್ಗಳ್ಳರು, ಮಾಟಗಾತಿಯರು, ಎಲುಬುಗೂಡುಗಳು, ಒಂದು ಬಾಳೆಹಣ್ಣು. ವೆಂಡೆಲ್ ಹೊಸಿಲಲ್ಲಿ ನಿಂತು ರಾಜನು ಜಹಗೀರು ಹಂಚುವಂತೆ ಚೀಲ ಹಂಚಿದ. ಮಕ್ಕಳ ಜೊತೆ ಬಂದಿದ್ದ ತಾಯಂದಿರು ಬಾವಲಿಗಳನ್ನು ಮೆಚ್ಚಿದರು. ಒಬ್ಬಳಂತೂ ಚೀಲ ಎಷ್ಟು ಭಾರವಿದೆಯೆಂದು ಬಾಯಿಬಿಟ್ಟು ಹೇಳಿದಳು. ಆ ಮಾತನ್ನು ಕೇಳಲು ಡಾರ್ಲೀನ್ ಇಲ್ಲವಲ್ಲ ಎಂದು ಅವನು ಪೇಚಾಡಿದ.

ಕೊನೆಯ ಚೀಲವೂ ಹೋದಮೇಲೆ, ಮಧ್ಯಾಹ್ನದ ನಿದ್ದೆಯನ್ನು ಕತ್ತಲಾಗುವವರೆಗೂ ಎಳೆದ ಅತ್ತೆ ಕೆಳಗಿಳಿದು ಬಂದರು. ಮಧ್ಯಾಹ್ನ ಮಲಗುವ ಮುಂಚೆ ಕೆಳದವಡೆಯ ಹಲ್ಲಿನ ಸೆಟ್ಟನ್ನು ಸಿಂಕಿನ ಪಕ್ಕ ಲೋಟದಲ್ಲಿಡುವುದು ಅವರ ರೂಢಿ. ಲೋಟ ಇತ್ತು, ನೀರಿತ್ತು, ಹಲ್ಲಿರಲಿಲ್ಲ. ಅವರು ಅಳಿಯನ ಮುಖ ನೋಡಿದರು. ಅಳಿಯ ಮಕ್ಕಳ ಮುಖ ನೋಡಿದ.

"ಅಜ್ಜಿ ಹಲ್ಲು ಭಾರ ಇತ್ತು," ಎಂದ ಗಸ್. "ಅದಕ್ಕೇ ಹಾಕ್ದೆ."

ವಿಚಾರಣೆ ನಡೆಯಿತು. ಉಪ್ಪಿನ ಡಬ್ಬಿ, ಟಿವಿಯ ರಿಮೋಟು, ಎರಡು ಈರುಳ್ಳಿ, ಸುತ್ತಿಗೆ, ಬಾಗಿಲ ಹಿಡಿ ಎಲ್ಲವೂ ಊರ ಪಾಲಾಗಿದ್ದವು. ಕಾರಿನ ಕೀಲಿಗೊಂಚಲು ಒಂದೇ ಸಲಕ್ಕೆ ತೂಕಕ್ಕೆ ಬಂದಿತ್ತೆಂದು ಟಿಲ್ಲಿ ತೃಪ್ತಿಯಿಂದ ಹೇಳಿದಳು. ವೆಂಡೆಲ್ ಬರಿದಾದ ಬೆರಳು ಮುಟ್ಟಿಕೊಂಡು, ಉಂಗುರ ಏನು ಮಹಾ ಭಾರ, ಅದನ್ಯಾಕೆ ಹಾಕಿದಿರೆಂದು ಕೇಳಿದ.

"ಅದು ಭಾರ ಇರ್ಲಿಲ್ಲ ಅಪ್ಪಾ. ಆದ್ರೆ ಆ ಚೀಲ ಇನ್ನೊಂದ್ ಚೂರೇ ಚೂರು ಹಗುರ ಇತ್ತು. ನೀನು ಒಪ್ತಿರ್ಲಿಲ್ಲ."

ಹೆಂಡತಿಯ ಪಾಳಿ ಮುಗಿಯುವ ಹೊತ್ತು. ಕಾರಿದೆ, ಕೀಲಿಯಿಲ್ಲ, ಹೆಂಡತಿಯಿದ್ದಾಳೆ, ಉಂಗುರವಿಲ್ಲ, ಅತ್ತೆಯ ಬಾಯಿದೆ, ಹಲ್ಲಿಲ್ಲ (ಇದೊಂದರಲ್ಲಿ ಮಾತ್ರ ಅವನಿಗೆ ಕ್ಷಣಕಾಲ ಸಮಾಧಾನವಾಯಿತು). ಮಕ್ಕಳನ್ನು ಅತ್ತೆಗೆ ಒಪ್ಪಿಸಿ ಬೀದಿಗೆ ಓಡಿದ.

ತಿರುವಿನಲ್ಲೇ ರಕ್ತಪಿಶಾಚಿಯ ವೇಷದ ಹುಡುಗ ಸಿಕ್ಕ. ಅವನ ಬಾಯಲ್ಲಿ ಅತ್ತೆಯ ಹಲ್ಲು ತುಂಬ ಸೊಗಸಾಗಿ ಕೂತಿತ್ತು. ವೆಂಡೆಲ್ ನಯವಾಗಿ ಬೇಡಿದ. ಹುಡುಗ ಹಲ್ಲನ್ನು ಕೈಗೆ ತೆಗೆದುಕೊಂಡು, ಕೊಟ್ಟಿದ್ದನ್ನು ವಾಪಸ್ ಕೇಳೋದು ದೊಡ್ಡವರಿಗೆ ಶೋಭಿಸಲ್ಲ, ಬೇಕಾದರೆ ಐದು ಚಾಕೊಲೇಟಿಗೆ ಬದಲಿ ಕೊಡ್ತೀನಿ ಎಂದ. ಬೆರಳಿಗೆ ಉಂಗುರ ಹಾಕಿಕೊಂಡಿದ್ದ ಪುಟ್ಟ ರಾಣಿಯದೂ ಅದೇ ನ್ಯಾಯ. ಪೊಲೀಸ್ ವೇಷದವನಂತೂ ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಇದು ಸರ್ಕಾರದ ವಶದಲ್ಲಿದೆ, ಬಿಡಿಸಿಕೊಳ್ಳೋಕೆ ಒಂದು ಬೊಗಸೆ ಮಿಠಾಯಿ ಆಗುತ್ತೆ ಎಂದು ತಿಳಿಸಿದ.

ವೆಂಡೆಲ್‌ನ ಬಳಿ ಒಂದು ಪೆಪ್ಪರ್‌ಮಿಂಟೂ ಇರಲಿಲ್ಲ. ಅಂಗಡಿಗೆ ಹೋಗೋಣವೆಂದರೆ ಕಾರು ಅಲ್ಲಾಡುವಂತಿಲ್ಲ. ಉಳಿದದ್ದು ಒಂದೇ ದಾರಿ. ಪಕ್ಕದ ಮನೆಯ ಮುದುಕಿಯ ಬಾಗಿಲು ತಟ್ಟಿ ತನ್ನ ಪಾಡು ಹೇಳಿಕೊಂಡ. ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿ, ವೇಷ ಹಾಕದವರಿಗೆ ತಾವು ಐವತ್ತು ವರ್ಷದಿಂದ ಏನೂ ಕೊಟ್ಟಿಲ್ಲ ಎಂದರು. ಆದರೂ ಕರುಣಾಳು, ಒಣಹಾಕಿದ್ದ, ಗುಲಾಬಿ ಹೂವಿನ ಚಿತ್ತಾರದ ಹಾಸಿಗೆ ಹೊದಿಕೆಯೊಂದನ್ನು ತಂದು, ಕಣ್ಣಿಗೆ ಎರಡು ತೂತು ಕತ್ತರಿಸಿ ತಲೆಮೇಲೆ ಹೊದಿಸಿದರು. ಹಳೆಯ ದಿಂಬಿನ ಚೀಲವೊಂದನ್ನೂ ಕೈಗಿತ್ತರು.

ಹೀಗೆ ನಟ್ಟು-ಬೋಲ್ಟು ಕಾರ್ಖಾನೆಯ ಮೇಲ್ವಿಚಾರಕರು ಗುಲಾಬಿ ಹೂವಿನ ಭೂತವಾಗಿ ಮನೆಮನೆಯ ಮುಂದೆ ನಿಂತು, "ಮಿಠಾಯಿ ಕೊಡ್ತೀರೋ, ಕೀಟಲೆ ಮಾಡ್ಲೋ" ಎಂದು ಗದ್ಗದ ಕಂಠದಿಂದ ಕೇಳತೊಡಗಿದರು. ಒಂದು ಮನೆಯಲ್ಲಿ ವಯಸ್ಸಿಗೆ ಮೀರಿ ಬೆಳೆದಿದ್ದಾನೆ ಪಾಪ ಎಂದು ಎರಡು ಹೆಚ್ಚು ಹಾಕಿದರು. ಇನ್ನೊಂದು ಮನೆಯ ನಾಯಿ ಹೊದಿಕೆಯ ಒಂದು ಮೂಲೆಯನ್ನು ತನ್ನ ಪಾಲಿಗೆ ಇಟ್ಟುಕೊಂಡಿತು. ಎರಡು ಬೀದಿ ಸುತ್ತಿ ಕೂಡಿಟ್ಟದ್ದನ್ನೆಲ್ಲ ತೆತ್ತು ಅವನು ಹಲ್ಲು ಬಿಡಿಸಿಕೊಂಡ, ಉಂಗುರ ಬಿಡಿಸಿಕೊಂಡ, ಕೊನೆಗೆ ಸರ್ಕಾರದಿಂದ ಕೀಲಿಯನ್ನೂ ಪಡೆದ. ರಿಮೋಟಿನ ಆಸೆ ಬಿಟ್ಟು ಮನೆಯ ಕಡೆ ಓಡಿದ.

ಮನೆಯ ಮುಂದೆ ಅರ್ಧ ಬೀದಿಯುದ್ದದ ಮಕ್ಕಳ ಸಾಲು. ಹೋದ ವರ್ಷದ ಮೊಟ್ಟೆ ನೆನಪಾಗಿ ವೆಂಡೆಲ್ ಹೊದಿಕೆಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡ. ಆದರೆ ಯಾರ ಕೈಯಲ್ಲೂ ಮೊಟ್ಟೆಯಿರಲಿಲ್ಲ. ಮುಂದೆ ನಿಂತಿದ್ದ ಎಲುಬುಗೂಡನ್ನು ಇದೇನು ಸಾಲೆಂದು ಕೇಳಿದ.

"ನಿನಗೆ ಗೊತ್ತಿಲ್ವಾ? ಊರಲ್ಲೆಲ್ಲಾ ಈ ಮನೇನೇ ಬೆಸ್ಟು," ಎಂದಿತು ಅದು. "ಬೇರೆ ಮನೇಲಿ ಬರೀ ಚಾಕೊಲೇಟು ಕೊಡ್ತಾರೆ. ಇಲ್ಲಿ ನಿಜವಾದ ಸಾಮಾನು. ನನ್ನ ತಮ್ಮಂಗೆ ಸುತ್ತಿಗೆ ಸಿಕ್ತು."

ಸಾಲು ಮುರಿದು ಮುಂದೆ ಹೋಗಲು ನೋಡಿದ. ಮಕ್ಕಳು ಬಿಡಲಿಲ್ಲ. ಮರ್ಯಾದೆಯಾಗಿ ಕೊನೆಯಲ್ಲಿ ನಿಂತು ಇಂಚಿಂಚಾಗಿ ಸರಿದ. ಹತ್ತಿರವಾದಂತೆ ಒಳಗಿನದು ಕಾಣಿಸಿತು. ಗಂಡನಿಗಾಗಿ ಕಾದು ಬೇಸತ್ತು ಯಾರದೋ ಕಾರಿನಲ್ಲಿ ಬಂದಿಳಿದ ಡಾರ್ಲೀನ್, ಆಸ್ಪತ್ರೆಯ ಬಟ್ಟೆಯಲ್ಲೇ, ನೆಲಮಾಳಿಗೆಯಿಂದ ಅವನ ಸಾಮಾನುಗಳನ್ನು ಒಂದೊಂದಾಗಿ ಹೊತ್ತು ತರುತ್ತಿದ್ದಳು. ಮೀನು ಹಿಡಿಯುವ ಗಾಳಗಳು, ಬೇಟೆಗೆ ಹೋಗುವ ಟೋಪಿ, ಅವನು ಎಂದೋ ರಿಪೇರಿ ಮಾಡುತ್ತೇನೆಂದು ಇಟ್ಟ ರೇಡಿಯೋಗಳು. ಗಸ್ ಚೀಲಕ್ಕೆ ತುಂಬುತ್ತಿದ್ದ, ಟಿಲ್ಲಿ ರಿಬ್ಬನ್ನು ಕಟ್ಟುತ್ತಿದ್ದಳು, ಅತ್ತೆ ಹೊಸಿಲಲ್ಲಿ ಕುರ್ಚಿ ಹಾಕಿ ಕೂತು, ಹಲ್ಲಿಲ್ಲದ ನಗೆ ನಗುತ್ತ ಹಂಚುತ್ತಿದ್ದರು. ಇಷ್ಟು ಸಲೀಸಾಗಿ ನಡೆಯುವ ಪ್ಯಾಕಿಂಗ್ ವಿಭಾಗವನ್ನು ವೆಂಡೆಲ್ ತನ್ನ ಕಾರ್ಖಾನೆಯಲ್ಲೂ ಕಂಡಿರಲಿಲ್ಲ.

ಅವನ ಸರದಿ ಬಂತು. ಬಾಯಿ ತೆರೆಯುವ ಮೊದಲೇ ಅತ್ತೆ ಅವನ ದಿಂಬಿನ ಚೀಲಕ್ಕೆ ಏನನ್ನೋ ಇಳಿಬಿಟ್ಟರು. ದೊಪ್ಪೆಂದಿತು. ಒಳ್ಳೆಯ ತೂಕ. ಇಣುಕಿ ನೋಡಿದರೆ, ಚೆಂಡು ಉರುಳಿಸಿ ಗೂಟ ಬೀಳಿಸುವ ಬೌಲಿಂಗ್ ಆಟದಲ್ಲಿ ಅವನು ಗೆದ್ದ ಕಂಚಿನ ಬಟ್ಟಲು, ಅವನದೇ ಹೆಸರು ಕೆತ್ತಿದ್ದು.

ಹೊದಿಕೆಯನ್ನು ಮುಖದಿಂದ ಎತ್ತಿ, "ಅತ್ತೇ, ನಾನು," ಎಂದ.

"ಗೊತ್ತಪ್ಪಾ. ಬೂಟು ನೋಡ್ದಾಗ್ಲೇ ಗೊತ್ತಾಯ್ತು," ಎಂದರು ಅತ್ತೆ, ತಮ್ಮ ಹಲ್ಲಿಗಾಗಿ ಕೈ ಚಾಚುತ್ತ. "ಒಬ್ಬೊಬ್ಬರಿಗೆ ಒಂದೇ. ಮುಂದಕ್ಕೆ ನಡಿ, ಹಿಂದೆ ಮತ್ತೆ ಮಕ್ಳು ಬಂದ್ವು."