ಗಿಡಕ್ಕೆ ಮಂಜೂರಾದ ಬೆಳಕು

೧೯೭೪ನೇ ಇಸವಿಯ ಜುಲೈ ತಿಂಗಳ ಎಂಟನೇ ತಾರೀಖು, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ ಅಕ್ಕಲಕೋಟದ ಗಡಿಕಲ್ಲು ನೋಂದಣಿ ಕಚೇರಿಗೆ ಸೋಲಾಪುರದಿಂದ ಒಂದು ಕ್ರೋಟನ್ ಗಿಡ ಬದಲಿಯಾಗಿ ಬಂದು ಹಾಜರಾಯಿತು. ಎಸ್.ಟಿ. ಬಸ್ಸಿನಲ್ಲಿ ಅದಕ್ಕೆ ಅರ್ಧ ಟಿಕೆಟು ತೆಗೆಯಲಾಗಿತ್ತು. ಕುಂಭಾರಿ ದಾಟಿದ ಮೇಲೆ ಕಂಡಕ್ಟರನು ಅದರ ವಯಸ್ಸಿನ ಬಗ್ಗೆ ಸಂಶಯ ವ್ಯಕ್ತಪಡಿಸಿದನಾದರೂ, ತೊಡೆಯ ಮೇಲೆ ಕುಳಿತ ಕುಂಡಕ್ಕೆ ಬೇರೆ ಸೀಟು ಬೇಕಾಗುವುದಿಲ್ಲವೆಂಬ ಕಾರಣಕ್ಕೆ ಪ್ರಕರಣವನ್ನು ಅಲ್ಲಿಗೇ ಮುಗಿಸಿದನು.

ಗಿಡದ ಸಂಗಡ ಒಂದು ಪರಿಪತ್ರಕವೂ, ಅಂದರೆ ಸರಕಾರಿ ಸುತ್ತೋಲೆಯೂ, ಬಂದಿತ್ತು. ಪ್ರತಿಯೊಂದು ಕಚೇರಿಯಲ್ಲಿ ಒಂದು ಒಳಾಂಗಣ ಸಸ್ಯ ಇರತಕ್ಕದ್ದು, ಅದು ಹಸಿರಾಗಿರತಕ್ಕದ್ದು, ಒಣಗಿದಲ್ಲಿ ಅದರ ಉಸ್ತುವಾರಿ ಹೊತ್ತ ನೌಕರನನ್ನು ಅಮಾನತು ಮಾಡತಕ್ಕದ್ದು.

ಹೆಡ್‌ಕ್ಲಾರ್ಕ್ ಸಾತಲಿಂಗಪ್ಪನವರು ಪರಿಪತ್ರಕವನ್ನು ಬಾಗಿಲಿಗೆ ಹೋಗಿ ಓದಿ, ಒಳಗೆ ಬಂದು, ಉಸ್ತುವಾರಿಯನ್ನು ನಕಲು ಕಾರಕೂನ ಹುಲೆಪ್ಪನಿಗೆ ವಹಿಸಿದರು. ಬಾಗಿಲಿಗೆ ಹೋಗಿ ಓದಬೇಕಾದ ಕಾರಣ ಇಷ್ಟೇ: ಕಚೇರಿಯಿದ್ದದ್ದು ಒಂದು ಹಳೆಯ ಶೇಂಗಾ ಗೋದಾಮಿನಲ್ಲಿ. ಅದಕ್ಕೆ ಕಿಟಕಿ ಇರಲಿಲ್ಲ. ಶೇಂಗಾಕ್ಕೆ ಕಿಟಕಿ ಬೇಕಾಗುವುದಿಲ್ಲ. ಮೇಜಿಗೆ ಕೂರುವ ಆರು ಮಂದಿ ನೌಕರರ ನಡುವೆ ಇಪ್ಪತ್ತೈದು ವ್ಯಾಟಿನ ಒಂದು ಬಲ್ಬು ತೂಗುತ್ತಿತ್ತು, ಮತ್ತು ಅದು ಸಾತಲಿಂಗಪ್ಪನವರ ಮೇಜಿನ ಮೇಲೆ ತೂಗುತ್ತಿತ್ತು.

ಕರಜಗಿಯ ಹುಲೆಪ್ಪ ತನ್ನ ಮೂಲೆಗೆ ಒಂದು ಟ್ಯೂಬ್‌ಲೈಟ್ ಬೇಕೆಂದು ಹನ್ನೊಂದು ವರ್ಷದಿಂದ ಅರ್ಜಿ ಕೊಡುತ್ತ ಬಂದಿದ್ದ. ಪ್ರತಿ ವರ್ಷವೂ ಸೋಲಾಪುರದಿಂದ ತಪ್ಪದೆ ಉತ್ತರ ಬರುತ್ತಿತ್ತು: ಕಚೇರಿಯ ವೇಳೆ ಹಗಲಿನದು, ಹಗಲಿನಲ್ಲಿ ಸೂರ್ಯನಿರುತ್ತಾನೆ, ಆದುದರಿಂದ ಅರ್ಜಿಯನ್ನು ದಫ್ತರಕ್ಕೆ ಸೇರಿಸಲಾಗಿದೆ. ಈ ನಡುವೆ ಹುಲೆಪ್ಪ ಕತ್ತಲಲ್ಲಿ ಮೂರನ್ನು ಎಂಟು ಎಂದು ಓದಿ ಕುರನೂರಿನ ಒಂದು ಗಡಿಕಲ್ಲನ್ನು ಬೋರಿ ನದಿಯ ನಡುನೀರಿನಲ್ಲಿ ನೋಂದಾಯಿಸಿದ್ದ. ಇನ್ನೊಮ್ಮೆ ಒಬ್ಬ ರೈತನ ಹೊಲವನ್ನು ಅವನ ಬೀಗರಿಗೆ ಬರೆದುಕೊಟ್ಟಿದ್ದ. ಕಣ್ಣಿನ ಡಾಕ್ಟರು ನೋಡಿ, "ನಿಮ್ಮ ಕಣ್ಣ ಚಲೋ ಅದಾವ್ರಿ, ಕೆಟ್ಟಿದ್ದು ನಿಮ್ಮ ಆಫೀಸು" ಎಂದು ಚಾಳೀಸು ಕೊಡದೆ ಕಳಿಸಿದ್ದರು. ಮೂರನೇ ತಪ್ಪಾದರೆ ನೌಕರಿಯಿಂದ ತೆಗೆಯಲಾಗುವುದೆಂಬ ಮೆಮೊ ಹುಲೆಪ್ಪನ ಜೇಬಿನಲ್ಲಿತ್ತು. ಅದನ್ನು ಅವನು ಮನೆಯಲ್ಲಿ ಹೇಳಿರಲಿಲ್ಲ.

ಗಿಡ ಮೂರು ವಾರ ನಿಷ್ಠೆಯಿಂದ ಸೇವೆ ಸಲ್ಲಿಸಿತು. ನಾಲ್ಕನೆಯ ವಾರ ಎಲೆ ಉದುರಿಸತೊಡಗಿತು. ಉದುರಿದ ಎಲೆ ಸರಕಾರಿ ಸ್ವತ್ತಾದ್ದರಿಂದ ಒಂದೊಂದಕ್ಕೂ ಸಂಖ್ಯೆ ಕೊಟ್ಟು ಫೈಲಿನಲ್ಲಿ ಹೊಲಿಯಲಾಯಿತು. ಹದಿನಾಲ್ಕನೇ ಎಲೆಯನ್ನು ಹೊಲಿಯುವಾಗ ಹುಲೆಪ್ಪ ಜೇಬಿನ ಮೆಮೊವನ್ನು ಮುಟ್ಟಿ ನೋಡಿಕೊಂಡದ್ದನ್ನು ಶಿಪಾಯಿ ಪುತಳಾಬಾಯಿ ನೋಡಿದಳು.

"ರಾವಸಾಹೇಬ್ರ, ಇದನ್ನ ದಿನಾ ಎರಡ ತಾಸು ಅಂಗಳದಾಗ ಇಡ್ತೀನ್ರಿ. ಬಿಸಲ ಕಂಡ್ರ ಚಿಗರತೈತಿ" ಎಂದಳು.

"ಬಾಯಿ, ಇದು ಒಳಾಂಗಣ ಸಸ್ಯ" ಎಂದರು ಸಾತಲಿಂಗಪ್ಪನವರು. "ಹೊಸ್ತಿಲ ದಾಟಿದ್ರ ಹೊರಾಂಗಣ ಸಸ್ಯ ಆಗತೈತಿ. ಹೊರಾಂಗಣ ಸಸ್ಯ ಜಂಗಲ್ ಖಾತೇದ್ದು. ಅವ್ರು ಬಂದು ಒಯ್ದ್ರ ಯಾರ ಜವಾಬ್ದಾರಿ?"

"ಹಂಗಾರ ಸಾಯಲಿ ಅಂತೀರೇನ್ರಿ?"

"ಸಾಯಾಕೂ ಪರವಾನಗಿ ಇಲ್ಲ."

ಸಾತಲಿಂಗಪ್ಪನವರು ಕೆಟ್ಟವರಾಗಿರಲಿಲ್ಲ. ಸೋಲಾಪುರಕ್ಕೆ ತುರ್ತು ವರದಿ ಬರೆದರು. ಹುಲೆಪ್ಪನ ಕಣ್ಣಿಗೆ ಹನ್ನೊಂದು ವರ್ಷ ಸಿಗದ ಮಂಜೂರಾತಿ ಗಿಡಕ್ಕೆ ನಾಲ್ಕು ದಿನದಲ್ಲಿ ಬಂತು: ಸೂಕ್ತ ದೀಪವನ್ನು ಆರಿಸಿ ಕೂಡಲೇ ಅಳವಡಿಸುವುದು. ಇದರಲ್ಲಿ ಯಾರಿಗೂ ಆಶ್ಚರ್ಯವೆನಿಸಲಿಲ್ಲ. ಗಿಡದ ಹೆಸರು ಪರಿಪತ್ರಕದಲ್ಲಿತ್ತು, ಹುಲೆಪ್ಪನದು ಇರಲಿಲ್ಲ.

ಸಾತಲಿಂಗಪ್ಪ ಅಧ್ಯಕ್ಷರಾಗಿಯೂ ಹುಲೆಪ್ಪ ಸದಸ್ಯನಾಗಿಯೂ ದೀಪ ಆಯ್ಕೆ ಸಮಿತಿ ರಚನೆಯಾಗಿ ಸೋಲಾಪುರಕ್ಕೆ ಹೊರಟಿತು. ಅಲ್ಲಿ ಶಾಂತಲಿಂಗಪ್ಪ ಸಾವಕಾರರ ವಿದ್ಯುತ್ ಸಾಮಾನಿನ ಅಂಗಡಿ. ಸಾವಕಾರರು ಗಾದಿಯಿಂದ ಏಳದೆಯೇ ಸಮಿತಿಗೆ ಚಹಾ ತರಿಸಿದರು.

"ದೊಡ್ಡ ಬಲ್ಬ್ ಕೊಡ್ಲೇನ್ರಿ? ಬ್ಯಾಡ. ಅದರ ಕಾವಿಗೆ ಎಲಿ ಸುಟ್ಟ ಹಪ್ಪಳ ಆಗತಾವ. ಟ್ಯೂಬ್ ಒಯ್ರಿ, ತಂಪ ಇರತಾವ. ಗಿಡದ ಮ್ಯಾಲ ಒಂದ ಫೂಟ್ ಅಂತರಕ್ಕ ಕಟ್ರಿ, ಮ್ಯಾಲ ಛಾವಣಿಗೆ ಕಟ್ಟಿದ್ರ ಬೆಳಕ ಗಿಡಕ್ಕ ಮುಟ್ಟಂಗಿಲ್ಲ. ಈಗ ಹೇಳ್ರಿ, ನಿಮಗ ಎಲಿ ಬೇಕೋ, ಹೂವ ಬೇಕೋ?"

ಸಮಿತಿ ಪರಿಪತ್ರಕವನ್ನು ಬಿಚ್ಚಿ ನೋಡಿತು.

"ಬಿಳಿ ಟ್ಯೂಬಿಗೆ ಎಲಿ ಚಲೋ ಬರತೈತಿ, ಹಳದಿ ಛಾಯಾದ್ದಕ್ಕ ಹೂವ ಬಿಡತೈತಿ" ಎಂದು ಸಾವಕಾರರು ವಿವರಿಸಿದರು. "ಒಂದ ಬಿಳೀದು, ಒಂದ ಹಳದಿ ಛಾಯಾದ್ದು ಜೋಡಿ ಹಾಕಿದ್ರ ಎರಡೂ ಸರಿ ಹೋಗತೈತಿ."

"ಹೂವ ಬಿಡಾಕ ನಮಗ ಹುಕುಂ ಇಲ್ಲ" ಎಂದರು ಸಾತಲಿಂಗಪ್ಪನವರು. "ಪರಿಪತ್ರಕದಾಗ ಹಸಿರು ಅಂತಷ್ಟ ಐತಿ. ನಾಳೆ ಕೆಂಪ ಹೂವ ಬಿಟ್ಟು, ಬಣ್ಣದ ಬಗ್ಗೆ ವಿವರಣೆ ಕೇಳಿದ್ರ ನಾ ಏನ ಬರೀಲಿ? ಬರೇ ಬಿಳೀವು ಕೊಡ್ರಿ."

"ಹದಿನಾಲ್ಕ ತಾಸು ಉರೀಬೇಕ್ರಿ ಮತ್ತ."

ಇದು ನಿಜವಾದ ಅಡಚಣಿಯಾಗಿತ್ತು. ಕಚೇರಿ ನಡೆಯುವುದು ಏಳು ತಾಸು. ಉಳಿದ ಏಳು ತಾಸು ಗಿಡ ಬೆಳೆದರೆ ಅದು ಮೇಲ್ವಿಚಾರಣೆ ಇಲ್ಲದ ಬೆಳವಣಿಗೆಯಾಗುತ್ತದೆ. ಸಮಿತಿ ಅಂಗಡಿಯಲ್ಲಿಯೇ ಸಭೆ ಸೇರಿ, ಚಹಾ ಮುಗಿಯುವುದರೊಳಗೆ ಠರಾವು ಪಾಸು ಮಾಡಿತು: ಎರಡು ಟ್ಯೂಬು ಹದಿನಾಲ್ಕು ತಾಸಿನಲ್ಲಿ ಮಾಡುವ ಕೆಲಸವನ್ನು ನಾಲ್ಕು ಟ್ಯೂಬು ಏಳು ತಾಸಿನಲ್ಲಿ ಮಾಡತಕ್ಕದ್ದು. ಸಾವಕಾರರು ಹಾಗಾಗುವುದಿಲ್ಲವೆಂದು ಹೇಳಲು ಬಾಯಿ ತೆರೆದವರು, ನಾಲ್ಕು ಟ್ಯೂಬು ಮಾರಾಟವಾಗುತ್ತಿರುವುದನ್ನು ಮನಗಂಡು ಬಾಯಿ ಮುಚ್ಚಿಕೊಂಡರು.

ಆಗಸ್ಟ್ ಹನ್ನೆರಡರಂದು ಸ್ವಿಚ್ಚು ಒತ್ತಲಾಯಿತು. ರಜಿಸ್ಟರುಗಳ ರಟ್ಟು ಕೆಂಪಗಿದೆ ಎಂಬುದು ಆ ದಿನ ತಿಳಿಯಿತು. ಎದುರು ಮೇಜಿನ ಸಹೋದ್ಯೋಗಿಗೆ ಮೀಸೆಯಿದೆ ಎಂದು ಹುಲೆಪ್ಪ ಗಟ್ಟಿಯಾಗಿ ಹೇಳಿಯೇಬಿಟ್ಟ. "ಎಂಟ ವರ್ಷ ಆತು ಬಿಟ್ಟು" ಎಂದು ಅವರು ಸ್ವಲ್ಪ ಬೇಸರದಿಂದ ಉತ್ತರಿಸಿದರು.

ಆದರೆ ಟ್ಯೂಬುಗಳಿದ್ದದ್ದು ಕುಂಡದ ಮೇಲೆ, ನೆಲದಿಂದ ಮೂರು ಫೂಟು ಎತ್ತರದಲ್ಲಿ. ಮರುದಿನ ಹುಲೆಪ್ಪ ಒಂದು ಚಾಪೆ ತಂದು ಗಿಡದ ಪಕ್ಕಕ್ಕೆ ಹಾಸಿ, ತಲೆ ತಗ್ಗಿಸಿ, ರಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದ. ಮೂರು ಮೂರಾಗಿ ಕಂಡಿತು. ಎಂಟು ಎಂಟಾಗಿ ಕಂಡಿತು. ಒಂದೇ ವಾರದಲ್ಲಿ ಅವನು ಕುರನೂರಿನ ಕಲ್ಲನ್ನು ನದಿಯಿಂದ ಎತ್ತಿ ದಂಡೆಗೆ ತಂದ. ರೈತನ ಹೊಲವನ್ನು ಬೀಗರಿಂದ ಬಿಡಿಸಿದ. ಬರೆಯುತ್ತ ಬರೆಯುತ್ತ ಅವನು ಸಣ್ಣಗೆ ಶಿಳ್ಳೆ ಹಾಕುತ್ತಿದ್ದನೆಂದು ದೂರು ಬಂತು. ಗಿಡವೂ ಎರಡು ಚಿಗುರು ಒಡೆಯಿತು.

ಸಾತಲಿಂಗಪ್ಪನವರಿಗೆ ಮಾತ್ರ ಊಟ ಸೇರಲಿಲ್ಲ. "ಹುಲೆಪ್ಪಾ, ಬೆಳಕು ಮಂಜೂರಾಗಿದ್ದು ಗಿಡಕ್ಕ. ನೀ ಅದನ್ನ ಬಳಸಾಕತ್ತೀದಿ. ಇದು ಅಪಹಾರ ಆಗತೈತಿ."

"ನಾ ಓದಿದ್ರ ಬೆಳಕ ಕಮ್ಮಿ ಆಗತೈತೇನ್ರಿ ರಾವಸಾಹೇಬ್ರ?"

"ನಿನ್ನ ನೆರಳ ಅದರ ಮ್ಯಾಲ ಬೀಳತೈತಿ. ಬರೂ ಗುರುವಾರ ದೊಡ್ಡ ಸಾಹೇಬ್ರು ತಪಾಸಣಿಗೆ ಬರ್ತಾರ. ಅವ್ರ ಕಣ್ಣಿಗೆ ಬಿದ್ರ ನಿನ್ನ ನೌಕರಿ ಹೋತು. ಮೂಲಿಗೆ ಹೋಗು."

"ಮೂಲಿಗೆ ಹೋದ್ರ ಮೂರನೇ ತಪ್ಪ ಆಗತೈತ್ರಿ, ಆಗೂ ನೌಕರಿ ಹೋಗತೈತಿ" ಎಂದ ಹುಲೆಪ್ಪ. "ಹೋಗೋದಿದ್ರ ಬೆಳಕಿನ್ಯಾಗ ಹೋಗಲಿ." ಹನ್ನೊಂದು ವರ್ಷದಲ್ಲಿ ಅವನು ಮೇಲಿನವರಿಗೆ ಎದುರಾಡಿದ್ದು ಅದೇ ಮೊದಲು. ಆಡಿದ ಮೇಲೆ ರಜಿಸ್ಟರಿನ ಹಾಳೆ ತಿರುವಿದ, ಚಾಪೆ ಬಿಟ್ಟು ಏಳಲಿಲ್ಲ.

ಗುರುವಾರ ದೊಡ್ಡ ಸಾಹೇಬರು ಸೋಲಾಪುರದಿಂದ ಜೀಪಿನಲ್ಲಿ ಬಂದರು. ಟ್ಯೂಬುಗಳ ಕೆಳಗೆ ಗಿಡವನ್ನೂ, ಗಿಡದ ಪಕ್ಕದಲ್ಲಿ ಹುಲೆಪ್ಪನನ್ನೂ ಕಂಡರು.

"ಇದೇನು?"

ಸಮಯ ಸಿಗಲೆಂದು ಸಾತಲಿಂಗಪ್ಪನವರು ಪರಿಪತ್ರಕ ತೆಗೆದು ಒಂಬತ್ತನೇ ಕಲಮನ್ನು ಗಟ್ಟಿಯಾಗಿ ಓದತೊಡಗಿದರು: "ಒಳಾಂಗಣ ಸಸ್ಯವೆಂದರೆ, ಛಾವಣಿಯ ಕೆಳಗೆ ಒಂದೇ ಜಾಗದಲ್ಲಿ ನೆಲೆನಿಂತ, ಹುಕುಮಿಲ್ಲದೆ ಸ್ಥಳ ಬದಲಿಸಲಾರದ, ದಿನಕ್ಕೆರಡು ಸಲ ನೀರು ಕಾಣುವ, ಮತ್ತು ಬೆಳಕಿನ ಅಭಾವದಿಂದ ಬಾಡುವಂಥ ಜೀವಿ..."

ನೀರಿನ ಲೋಟ ಹಿಡಿದು ನಿಂತಿದ್ದ ಪುತಳಾಬಾಯಿ ಸಹಜವಾಗಿ ಹೇಳಿದಳು: "ಹಂಗಾರ ಹುಲೆಪ್ಪನೋರೂ ಅದ ಅಲ್ರಿ, ಸಾಹೇಬ್ರ? ಹನ್ನೊಂದ ವರ್ಷದಿಂದ ಅಲ್ಲೇ ಕುಂತಾರ. ಎರಡ ಸಲ ನಾನ ನೀರ ಕೊಡ್ತೀನಿ. ಹ್ಯಾಂಗ ಬಾಡಿದ್ರು ಅನ್ನೂದು ನಾ ನೋಡೀನಿ."

ದೊಡ್ಡ ಸಾಹೇಬರು ನಗಲಿಲ್ಲ. ಕಲಮನ್ನು ತಾವೇ ಮತ್ತೊಮ್ಮೆ ಓದಿದರು. ಹುಲೆಪ್ಪನನ್ನು ಸುತ್ತುಬಂದು ನೋಡಿದರು.

"ಹುಕುಮಿಲ್ಲದೆ ಸ್ಥಳ ಬದಲಿಸುತ್ತೀರಾ?"

"ಬದಲಿಗೆ ನಾಕ ಸಲ ಅರ್ಜಿ ಕೊಟ್ಟೀನ್ರಿ. ಆಗಿಲ್ಲ."

"ಕಲಮು ಪೂರ್ಣವಾಗಿ ಅನ್ವಯಿಸುತ್ತದೆ" ಎಂದರು ಸಾಹೇಬರು. "ಇವರನ್ನು ಒಳಾಂಗಣ ಸಸ್ಯ ಕ್ರಮಾಂಕ ಎರಡು ಎಂದು ನೋಂದಾಯಿಸಿ. ದೀಪವನ್ನು ಇವರ ತಲೆಯಿಂದ ಒಂದು ಫೂಟು ಮೇಲಕ್ಕೆ ಏರಿಸಿ. ಗಿಡವನ್ನು ಸ್ಟೂಲಿನ ಮೇಲಿಡಿ. ಮೆಮೊ ರದ್ದು, ಸಸ್ಯಗಳಿಗೆ ಮೆಮೊ ಕೊಡುವ ಪದ್ಧತಿ ಇಲ್ಲ."

ಜೀಪು ಮರೆಯಾಗುವುದಕ್ಕೆ ಮುಂಚೆಯೇ ತಮ್ಮನ್ನೂ ಸಸ್ಯವೆಂದು ನೋಂದಾಯಿಸಬೇಕೆಂಬ ಉಳಿದ ನೌಕರರ ಅರ್ಜಿಗಳು ಸಾತಲಿಂಗಪ್ಪನವರ ಮೇಜಿನ ಮೇಲಿದ್ದವು. ಎಲ್ಲಕ್ಕೂ ಮೇಲಿನ ಅರ್ಜಿ ಅವರದೇ ಆಗಿತ್ತು. ಇಪ್ಪತ್ತೈದು ವ್ಯಾಟಿನ ಬಲ್ಬಿನ ಕೆಳಗೆ ಅವರೂ ನಾಲ್ಕು ವರ್ಷದಿಂದ ಅಂದಾಜಿನ ಮೇಲೆ ಸಹಿ ಹಾಕುತ್ತಿದ್ದರು. ಸೆಪ್ಟೆಂಬರಿನ ಒಳಗೆ ಗೋದಾಮಿನ ತುಂಬ ಟ್ಯೂಬುಗಳಾದವು. ಪುತಳಾಬಾಯಿಯ ಅರ್ಜಿ ಮಾತ್ರ ತಿರಸ್ಕೃತವಾಯಿತು, ಏಕೆಂದರೆ ಆಕೆ ದಿನವಿಡೀ ಓಡಾಡುತ್ತಿದ್ದಳು. ಬದಲಿಗೆ ಆಕೆಗೆ ತೋಟದ ಮಾಳಿ ಎಂದು ಬಡ್ತಿ ಕೊಡಲಾಯಿತು. ಹನ್ನೊಂದಕ್ಕೆ ಮತ್ತು ನಾಲ್ಕಕ್ಕೆ ಆಕೆ ಎಲ್ಲ ಸಸ್ಯಗಳಿಗೂ ಚಹಾ ಹಾಕುತ್ತಿದ್ದಳು. ವರ್ಷದ ಕೊನೆಯ ವರದಿಯಲ್ಲಿ ಅಕ್ಕಲಕೋಟ ಕಚೇರಿಯ ಹಸಿರು ಏಳುಪಟ್ಟು ಆಗಿದೆಯೆಂದು ದಾಖಲಾಯಿತು.

ಹುಲೆಪ್ಪ ಆ ಗುರುವಾರವೇ ಕರಜಗಿಗೆ ಹೋಗಿ ಹೆಂಡತಿ ಸುಮಿತ್ರಾಬಾಯಿಗೆ ಮೆಮೊದಿಂದ ಹಿಡಿದು ಎಲ್ಲವನ್ನೂ ಹೇಳಿದ. ಆಕೆ ಗಾಬರಿಯಿಂದ ಕೇಳಿದಳು: "ಪಗಾರ ಐತಿಲ್ರಿ?"

"ಐತಿ."

"ಮತ್ತ ಆತು ಬಿಡ್ರಿ. ಕೈಕಾಲು ತೊಳ್ಕೋರಿ, ರೊಟ್ಟಿ ಆಗ್ಯಾವ."

ಭಾನುವಾರ ಪಕ್ಕದ ಮನೆಯ ಸುಗಲಾಬಾಯಿ ಬಂದು ಸೆರಗು ಸರಿಪಡಿಸಿಕೊಂಡು ಕಟ್ಟೆಯ ಮೇಲೆ ಕುಳಿತಳು. ಆಕೆಯ ತಮ್ಮ ಮ್ಯಾಟ್ರಿಕ್ ಪಾಸಾಗಿ ಎರಡು ವರ್ಷದಿಂದ ಮನೆಯಲ್ಲಿದ್ದ.

"ಅಣ್ಣಾರ, ನಿಮ್ಮ ಆಫೀಸಿನ್ಯಾಗ ಗಿಡದ ಜಾಗಾ ಖಾಲಿ ಅದಾವೇನ್ರಿ? ನಮ್ಮ ತಮ್ಮಗ ಮರಾಠಿ, ಕನ್ನಡ ಎರಡೂ ಬರತಾವ. ಒಂದ ಕಡೆ ಕುಂತನಂದ್ರ ಏಳಂಗಿಲ್ಲ."

ಹುಲೆಪ್ಪ ಸ್ವಲ್ಪ ಯೋಚಿಸಿ, ಆ ಖಾತೆಯ ನಿಯಮ ಬಲ್ಲವನ ಗಾಂಭೀರ್ಯದಿಂದ ಹೇಳಿದ: "ಅರ್ಜಿ ಕೊಡಲಿ. ಆದ್ರ ಒಮ್ಮಿಗೇ ಗಿಡ ಅಂತ ತಗೋಳ್ಳಂಗಿಲ್ಲವ್ವಾ. ಮೊದಲ ಮೂರ ವರ್ಷ ಬಳ್ಳಿ. ಕೆಲಸ ನೋಡಿ ಆಮ್ಯಾಲೆ ಕಾಯಂ ಮಾಡ್ತಾರ."

"ಬಳ್ಳಿ ಆದ್ರೂ ಆತ್ರಿ, ಸರಕಾರದ್ದ ಐತಲ್ಲ!" ಎಂದು ಸುಗಲಾಬಾಯಿ, ಅರ್ಜಿ ಬರೆಸಲು ಲಗುಬಗೆಯಿಂದ ಎದ್ದು ಹೋದಳು.